ಟ್ಯಾಂಕಿನ ಬಣ್ಣಕ್ಕೆ ಮುಂಚೆ

ಮೂಡಿಗೆರೆ
ಭಾನುವಾರ

ಮಗಳೇ,

ನೀನು ಬಿಚ್ಚಿ ಜೋಡಿಸುತ್ತಿರುವ ಹಳೆಯ ಬುಲೆಟ್ ಬೈಕಿನ ಟ್ಯಾಂಕಿಗೆ ಕಡುಹಸಿರು ಹೊಡೆಸಲೋ ಕಪ್ಪು ಹೊಡೆಸಲೋ ಅಂತ ಕೇಳಿದ್ದೀಯ. ನೀನು ಕಳಿಸಿದ ಫೋಟೋದಲ್ಲಿ ನನ್ನ ಕಣ್ಣು ಹೋಗಿದ್ದು ಟ್ಯಾಂಕಿನ ಹಿಂದೆ ಬೆಂಚಿನ ಮೇಲಿದ್ದ ಬ್ಯಾರಲ್ ಕಡೆಗೆ, ಪಿಸ್ಟನ್ ಓಡಾಡುವ ಆ ಬೀಡಿನ ಕೊಳವೆಯ ಕಡೆಗೆ. ಲೇತಿನಲ್ಲಿ ಒಳಗೆ ಕೊರೆದು ಬೋರ್ ಆಗಿ ಬಂದಿದೆ, ಒಳಗೋಡೆ ಮಿರಮಿರ ಅನ್ನುತ್ತಿದೆ, ಆದರೆ ಎಣ್ಣೆಯ ಪಸೆ ಕಾಣಲಿಲ್ಲ. ಈ ಮಳೆಯಲ್ಲಿ ಹಸಿ ಬೀಡು ಒಂದು ರಾತ್ರಿಗೇ ಕೆಂಪಾಗುತ್ತದೆ. ಬಣ್ಣದ ಮಾತು ಆಮೇಲೆ.

ಹಾನ್ ಮಾಡಿದ, ಅಂದರೆ ಸಾಣೆಕಲ್ಲಿನಿಂದ ಒಳಗೋಡೆ ಉಜ್ಜಿದ ಬ್ಯಾರಲ್ಲನ್ನು ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿ ಜೋಡಿಸಿಬಿಡುವುದು ನಮ್ಮ ಕಡೆಯ ರೂಢಿ. ಅದು ಎಣ್ಣೆಯನ್ನು ತೆಗೆಯುತ್ತದೆ, ಗೀರುಗಳ ಸಂದಿಯಲ್ಲಿ ಕೂತ ಕಲ್ಲಿನ ಪುಡಿಯನ್ನು ತೆಗೆಯುವುದಿಲ್ಲ. ಆ ಪುಡಿ ಪಿಸ್ಟನ್ನಿನ ಸುತ್ತ ಕೂರುವ ಹೊಸ ರಿಂಗನ್ನು ಬೇಗನೆ ತಿಂದುಹಾಕುತ್ತದೆ. ಬಕೆಟ್ಟಿನಲ್ಲಿ ಕೈ ತಾಳುವಷ್ಟು ಬಿಸಿನೀರು, ಒಂದು ಹಿಡಿ ಬಟ್ಟೆ ಸೋಪಿನ ಪುಡಿ, ಗಟ್ಟಿ ಬ್ರಷ್. ತಿಕ್ಕಿ, ತೊಳೆ, ಮತ್ತೆ ತಿಕ್ಕು. ಒಣಗಿಸಿದ ಕೂಡಲೇ ಹಳೆಯ ಬಿಳಿ ಪಂಚೆಯ ತುಂಡಿಗೆ ಎಂಜಿನ್ ಆಯಿಲ್ ಹಾಕಿ ಒಳಗೆ ಸುತ್ತ ಒರೆಸಿ ನೋಡು. ಬೂದು ಬಣ್ಣ ಹತ್ತಿದರೆ ಪುಡಿ ಇನ್ನೂ ಇದೆ, ಮತ್ತೆ ಬಕೆಟ್ಟಿಗೆ. ಮೂರು ನಾಲ್ಕು ಸಲವಾದರೂ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡ. ಬಟ್ಟೆ ಬೆಳ್ಳಗೆ ಬಂದ ಮೇಲೆ ಎಣ್ಣೆ ದಪ್ಪಗೆ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡು.

ಅಳತೆ ಸರಿಯಿದೆ ಅಂತ ಲೇತಿನವರು ಹೇಳಿದರು ಅಂದೆಯಲ್ಲ, ಎಷ್ಟು ಅಂತ ಬರೆದು ಕೊಟ್ಟಿದ್ದಾರಾ? ಹಳೆಯ ಬುಲೆಟ್ 350ರ ಬೋರ್ (ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 90, ಒಟ್ಟು 346 ಸಿಸಿ. ಓವರ್‌ಸೈಜ್ (ಬೋರ್ ದೊಡ್ಡದಾದಂತೆ ಹಾಕುವ ದೊಡ್ಡ ಪಿಸ್ಟನ್) 20, 40, 60 ಥೌ ಅಂತ ಏರುತ್ತದೆ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 20 ಥೌ ಅಂದರೆ ಸುಮಾರು ಅರ್ಧ ಮಿಲಿಮೀಟರ್. 60 ಮುಗಿದರೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಿಸುವುದೇ ದಾರಿ, ಆದ್ದರಿಂದ ಅವಸರಕ್ಕೆ ಒಂದು ಹೆಜ್ಜೆ ಹಾರಿಸಲು ಬಿಡಬೇಡ. ಡಯಲ್ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆ. ಪ್ರತಿ ಕಡೆಯೂ ಹಿಂದೆ-ಮುಂದೆ ಒಂದು ಸಲ, ಎಡ-ಬಲ ಒಂದು ಸಲ. ಒಟ್ಟು ಆರು ಅಂಕಿ. ಒಂದೇ ಅಂಕಿ ಬರೆದುಕೊಂಡರೆ ಬೋರ್ ಅಂಡಾಕಾರವಾಗಿದೆಯೋ, ಕೆಳಗೆ ಕಿರಿದಾಗಿದೆಯೋ ಗೊತ್ತಾಗುವುದಿಲ್ಲ. ಪಿಸ್ಟನ್ನನ್ನು ಅಳೆಯುವುದು ಸ್ಕರ್ಟಿನ (ಪಿಸ್ಟನ್ನಿನ ಕೆಳಗೋಡೆಯ) ಕೆಳಭಾಗದಲ್ಲಿ, ಪಿಸ್ಟನ್ನನ್ನು ಹಿಡಿದಿಡುವ ಪಿನ್ನಿಗೆ ಅಡ್ಡವಾಗಿ. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ಬೇರೆಲ್ಲಿ ಮೈಕ್ರೋಮೀಟರ್ ಹಿಡಿದರೂ ಕಡಿಮೆ ತೋರಿಸುತ್ತದೆ. ಎರಡರ ವ್ಯತ್ಯಾಸವೇ ಕ್ಲಿಯರೆನ್ಸ್. ಪಿಸ್ಟನ್ ಡಬ್ಬಿಯೊಳಗಿನ ಚೀಟಿಯ ಜೊತೆ ಅದನ್ನು ತಾಳೆ ನೋಡು.

ಬ್ಯಾರಲ್, ಪಿಸ್ಟನ್, ಮೈಕ್ರೋಮೀಟರ್ ಮೂರೂ ಒಂದೇ ಮೇಜಿನ ಮೇಲೆ ಒಂದು ರಾತ್ರಿ ಇರಲಿ, ಬೆಳಿಗ್ಗೆ ಅಳೆ. 10 ಡಿಗ್ರಿ ಹೆಚ್ಚಾದರೆ ಬೀಡಿನ ಬೋರ್ ಹತ್ತಿರ ಹತ್ತಿರ 0.008 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಅದರ ಎರಡರಷ್ಟು. ಮಷಿನ್ನಿನಿಂದ ಬಿಸಿಬಿಸಿಯಾಗಿ ಇಳಿದ ಬ್ಯಾರಲ್ಲಿನ ಅಳತೆಯನ್ನು ನಂಬಿ ಎಷ್ಟೋ ಎಂಜಿನ್ ಬಿಗಿದು ಸೀಜ್ ಆಗಿವೆ, ಬೈಸಿಕೊಂಡಿದ್ದು ಮಾತ್ರ ಆಯಿಲ್!

ರಿಂಗನ್ನು ಬ್ಯಾರಲ್ಲಿಗೆ ಇಳಿಸಿ, ಪಿಸ್ಟನ್ ತಲೆಯಿಂದ ಒಂದು ಇಂಚು ಕೆಳಕ್ಕೆ ದೂಡು, ಆಗ ನೆಟ್ಟಗೆ ಕೂರುತ್ತದೆ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ರಿಂಗಿನ ಎರಡು ತುದಿಗಳ ನಡುವಿನ ಬಾಯಿ ಅಳೆ. ಬೋರಿನ ಪ್ರತಿ ಇಂಚಿಗೆ 4 ಥೌ ಲೆಕ್ಕದಲ್ಲಿ 11 ಥೌ, ಅಂದರೆ 0.28 ಮಿ.ಮೀ. ಆಸುಪಾಸು ಇರಬೇಕು. ಕಡಿಮೆ ಇದ್ದರೆ ಬಿಸಿಯಲ್ಲಿ ರಿಂಗಿನ ತುದಿಗಳು ಒಂದಕ್ಕೊಂದು ಗುದ್ದಿ ಬ್ಯಾರಲ್ ಗೀರಿಹೋಗುತ್ತದೆ. ಅರ ಹಾಕಬೇಕಾಗಿ ಬಂದರೆ ಹೊರ ಅಂಚಿನಿಂದ ಒಳಕ್ಕೆ ಮಾತ್ರ ಎಳೆ. ಉಲ್ಟಾ ಎಳೆದರೆ ಕ್ರೋಮ್ ಪದರ ಚಕ್ಕೆ ಏಳುತ್ತದೆ. ಪಿನ್ನನ್ನು ಜಾರದಂತೆ ಹಿಡಿಯುವ ತಂತಿಬಳೆ, ಅಂದರೆ ಸರ್ಕ್ಲಿಪ್ ಹೊಸದೇ ಆಗಬೇಕು, ಅದರ ಬಾಯಿ ನೇರ ಮೇಲಕ್ಕೋ ಕೆಳಕ್ಕೋ ಇರಲಿ. ಅದನ್ನು ಕೂರಿಸುವಾಗ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿರಲೇಬೇಕು.

ಎಂಜಿನ್ ಕೇಸನ್ನು ಹೊಳೆಯಿಸಲು ಮರಳು ಹೊಡೆಸುತ್ತೇನೆ (ಸ್ಯಾಂಡ್ ಬ್ಲಾಸ್ಟಿಂಗ್) ಅಂದಿದ್ದೀಯ. ನನಗೆ ಅಷ್ಟು ಇಷ್ಟವಿಲ್ಲ. ಹೊಡೆಸಲೇಬೇಕಾದರೆ ಎಣ್ಣೆ ಹೋಗುವ ಪ್ರತಿ ತೂತಿಗೂ ಬೋಲ್ಟ್ ಹಾಕಿ ಮುಚ್ಚು, ಆಮೇಲೆ ಗಾಳಿ ಹೊಡೆದು ತೆಳು ತಂತಿ ಆಡಿಸಿ ನೋಡು. ಎಂಜಿನ್ ನಂಬರಿನ ಮೇಲೆ ದಪ್ಪ ಟೇಪು. ನಂಬರ್ ಮಸುಕಾದರೆ ಆರ್‌ಟಿಒದಲ್ಲಿ ಪಡಿಪಾಟಲು ನಿನ್ನದೇ. ಬೇರೆ ಎಂಜಿನ್ ಕೂರಿಸುವ ಯೋಚನೆ ಬಂದರೆ 1988ರ ಮೋಟಾರು ವಾಹನ ಕಾಯ್ದೆಯ ವಾಹನದ ಮಾರ್ಪಾಡಿನ ಬಗ್ಗೆ ಇರುವ 52ನೇ ಸೆಕ್ಷನ್ ಮೊದಲು ಓದು.

ಟೈಮಿಂಗ್ ಕವರ್ ಒಳಗೆ ಕ್ರ್ಯಾಂಕಿಗೆ ಎಣ್ಣೆ ಹೋಗುವ ಜಾಗದಲ್ಲಿ ಒಂದು ಸಣ್ಣ ಕಾರ್ಕ್ ಸೀಲ್ ಇದೆ. ಬೆಲೆ ಏನೂ ಇಲ್ಲ, ಅದಕ್ಕೇ ಹಳೆಯದನ್ನೇ ಹಾಕಿ ಮುಚ್ಚುವವರು ಜಾಸ್ತಿ. ಅದು ಹರಿದಿದ್ದರೆ ಎಣ್ಣೆ ಬಿಗ್ ಎಂಡ್ (ಕ್ರ್ಯಾಂಕಿನ ಬೇರಿಂಗ್) ತಲುಪುವ ಮೊದಲೇ ಸೋರಿಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಸದ್ದು ಬರುವ ಹೊತ್ತಿಗೆ ಕ್ರ್ಯಾಂಕ್ ಹಾಳಾಗಿರುತ್ತದೆ.

ಕಿಡಿ ಹಾರಿಸಲು ತೆರೆದುಕೊಳ್ಳುವ ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿ.ಮೀ. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು), ಯಾಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪಿಸ್ಟನ್ ಪೂರ್ತಿ ಮೇಲೆ ತಲುಪಲು 0.8 ಮಿ.ಮೀ. ಇರುವಾಗಲೇ ಪಾಯಿಂಟ್ ಬಿಟ್ಟುಕೊಳ್ಳಬೇಕು. ನಡುವೆ ಸಿಕ್ಕಿಸಿದ ತೆಳು ಕಾಗದ ಸಲೀಸಾಗಿ ಜಾರಿಬಂದ ಕ್ಷಣವೇ ಬಿಟ್ಟ ಕ್ಷಣ. ಕಿಡಿ ತೀರಾ ಮುಂಚೆ ಹಾರಿದರೆ, ಅಂದರೆ ಅಡ್ವಾನ್ಸ್ ಜಾಸ್ತಿಯಾದರೆ ಕಿಕ್ಕರ್ ತಿರುಗಿ ಹೊಡೆಯುತ್ತದೆ, ಮೀನಖಂಡಕ್ಕೆ.

ಕಾರ್ಬ್ಯುರೇಟರನ್ನು ಮುಳ್ಳಯ್ಯನಗಿರಿಗೆ ಹೊಂದಿಸಬೇಡ. 1,930 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಪೆಟ್ರೋಲ್ ಹೆಚ್ಚಾಗಿ ಮಿಶ್ರಣ ರಿಚ್ ಆಗಿ ಗಾಡಿ ಕೆಮ್ಮುತ್ತದೆ. ಹಾಗಂತ ಪೆಟ್ರೋಲ್ ಅಳೆದು ಬಿಡುವ ನೀಡಲ್ ಇಳಿಸಿ ಸರಿಮಾಡಿಕೊಂಡು ಅದೇ ಗಾಡಿಯಲ್ಲಿ ಚಾರ್ಮಾಡಿ ಇಳಿದರೆ, ಕೆಳಗಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಮಿಶ್ರಣ ಲೀನ್ ಆಗಿ ಪಿಸ್ಟನ್ ಸುಡುತ್ತದೆ. ಮೇಲೆ ಹೋದಾಗ ಸ್ವಲ್ಪ ಕೆಮ್ಮಲಿ, ತೊಂದರೆಯಿಲ್ಲ. ಪ್ಲಗ್ಗಿನ ಮೂತಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದರೆ ಸಾಕು. ಡಿಕಾಕ್ಷನ್ ಬಣ್ಣ ರಿಚ್, ಬರೀ ಹಾಲಿನ ಬಣ್ಣ ಅಪಾಯ.

ಮೊದಲ 500 ಕಿಲೋಮೀಟರ್ ಹಾಸನ-ಬೇಲೂರು ರಸ್ತೆಯಲ್ಲಿ ಓಡಿಸು, ಘಾಟಿ ಬೇಡ. 50 ದಾಟಿಸಬೇಡ, ಆದರೆ ಒಂದೇ ವೇಗದಲ್ಲೂ ಹೋಗಬೇಡ, ಏರಿಳಿಸುತ್ತಿರು. ಮೊದಲ ಸಲ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಹೆಡ್ ನಟ್ಟುಗಳನ್ನು ಅಡ್ಡಡ್ಡವಾಗಿ ಮತ್ತೊಮ್ಮೆ ಬಿಗಿದು ನೋಡು. 500ಕ್ಕೆ ಆಯಿಲ್ ಇಳಿಸಿ, ಬಿಳಿ ತಟ್ಟೆಯಲ್ಲಿ ಹಿಡಿದು, ಬಿಸಿಲಿಗೆ ಓರೆ ಮಾಡಿ ಹೊಳೆಯುವ ಪುಡಿ ಎಷ್ಟಿದೆ ನೋಡು.

ಹಸಿರೇ ಹೊಡೆಸು. ಚಿನ್ನದ ಗೆರೆಗೆ ಸ್ಟಿಕ್ಕರ್ ಬೇಡ, ಕೈಯಲ್ಲಿ ಎಳೆಯುವವರು ಸಿಗುವ ತನಕ ಕಾಯಿ. ಕ್ಲಿಯರ್ ಕೋಟ್ ಗೆರೆಯ ಮೇಲೆ ಬರಲಿ, ಇಲ್ಲದಿದ್ದರೆ ಪೆಟ್ರೋಲ್ ಚೆಲ್ಲಿದ ದಿನವೇ ಗೆರೆ ಕರಗುತ್ತದೆ. ಪೇಂಟರ್ ಹತ್ತಿರ ನಾಳೆ ಹೋಗು. ಬ್ಯಾರಲ್ ಇವತ್ತು ರಾತ್ರಿಯೇ ತೊಳೆ, ಆ ಪಂಚೆ ತುಂಡಿನ ಫೋಟೋ ಕಳಿಸು.

ಅಮ್ಮ