ತಮ್ಮನಿಗೆ, ಆ ಸ್ಕ್ಯಾನಿಂಗ್ ರಿಪೋರ್ಟ್ ಬಗ್ಗೆ

ಲೀಡ್ಸ್, ಇಂಗ್ಲೆಂಡ್
ಭಾನುವಾರ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಭಾವನಿಗೆ ಈ ವಾರ ರಾತ್ರಿ ಪಾಳಿ, ಪಾಪುಗೆ ಬೇಸಿಗೆ ರಜೆ. ಮಿಕ್ಕ ಸುದ್ದಿ ಆಮೇಲೆ. ನೀನು ವಾಟ್ಸಾಪ್‌ನಲ್ಲಿ ಕಳಿಸಿದ ರಿಪೋರ್ಟ್ ನೋಡಿದೆ. ಕೆಳಗೆ "ಅಕ್ಕ, ಅಮ್ಮನಿಗೆ ಹೇಳಬೇಡ" ಅಂತ ಬರೆದಿದ್ದೆ. ಹೇಳಿಲ್ಲ. ಆದರೆ ಇದು ಫೋನಿನಲ್ಲಿ ಐದು ನಿಮಿಷಕ್ಕೆ ಮುಗಿಯುವ ಮಾತಲ್ಲ. ಹಾಲ್‌ನಲ್ಲಿ ಎಲ್ಲರೂ ಕೂತಿರುವಾಗ ನೀನು ಬಾಯಿ ಬಿಟ್ಟು ಮಾತಾಡುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಡ್ಯೂಟಿ ಮುಗಿಸಿ ಬಂದ ಮೇಲೆ ನಿಧಾನವಾಗಿ ಓದು.

ಅಕ್ಕನ ಹತ್ತಿರ ಇಂಥದ್ದನ್ನೆಲ್ಲ ಹೇಗೆ ಹೇಳುವುದು ಅಂತ ಮುಜುಗರ ಪಡಬೇಡ. ಯೂರಾಲಜಿ ಕ್ಲಿನಿಕ್‌ನಲ್ಲಿ ನರ್ಸ್ ನಾನು. ದಿನ ಬೆಳಗಾದರೆ ಗಂಡಸರ ಮೂತ್ರದ ತೊಂದರೆ ಕೇಳುವುದೇ ನನ್ನ ಕೆಲಸ. ನಿನ್ನ ವಯಸ್ಸಿನ ಹುಡುಗರು ಎಷ್ಟು ಜನ ಬರುತ್ತಾರೆ ಗೊತ್ತಾ? ಎಲ್ಲರೂ ತಲೆ ತಗ್ಗಿಸಿಕೊಂಡೇ ಬರುತ್ತಾರೆ.

ಮೊದಲು ನಿನ್ನ ದೊಡ್ಡ ಭಯದ ಮಾತು. ಇದು ಕ್ಯಾನ್ಸರ್ ಇರಬಹುದಾ ಅಂತ ಕೇಳಿದ್ದೀಯ. ನಿನಗೆ 27. ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದರ ಕ್ಯಾನ್ಸರ್ 50ಕ್ಕಿಂತ ಮುಂಚೆ ಬರುವುದೇ ಅಪರೂಪ, 40ರ ಒಳಗಂತೂ ತೀರಾ ಅಪರೂಪ. ದೊಡ್ಡಪ್ಪನಿಗೆ ಪ್ರಾಸ್ಟೇಟ್ ಆಪರೇಷನ್ ಆಗಿತ್ತಲ್ಲ, ಅದೂ ನಿನ್ನದಲ್ಲ. ಅದು ವಯಸ್ಸಾದ ಹಾಗೆ ಗ್ರಂಥಿ ಬೆಳೆಯುವುದರಿಂದ ಬರುವ ತೊಂದರೆ. 60ರ ಹೊತ್ತಿಗೆ ಅರ್ಧದಷ್ಟು ಗಂಡಸರಲ್ಲಿ ಆ ಬೆಳವಣಿಗೆ ಕಾಣುತ್ತದೆ, ನಿನ್ನ ವಯಸ್ಸಿನಲ್ಲಿ ಇಲ್ಲವೆಂದೇ ಹೇಳಬಹುದು.

ಹಾಗಾದರೆ ರಿಪೋರ್ಟಿನಲ್ಲಿ "ಪ್ರಾಸ್ಟೇಟ್ 24 ಗ್ರಾಂ, ಸ್ವಲ್ಪ ದೊಡ್ಡದಾಗಿದೆ" ಅಂತ ಏಕೆ ಇದೆ? ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡುವಾಗ ಗ್ರಂಥಿಯ ಉದ್ದ, ಅಗಲ, ದಪ್ಪ ಅಳೆಯುತ್ತಾರೆ. ಮೂರನ್ನೂ ಗುಣಿಸಿ, ಅದನ್ನು 0.52ರಿಂದ ಮತ್ತೆ ಗುಣಿಸಿ ತೂಕ ಹೇಳುತ್ತಾರೆ. ಅಳತೆಯಲ್ಲಿ ಎರಡು ಮಿಲಿಮೀಟರ್ ಆಚೀಚೆ ಆದರೂ ತೂಕ ಬದಲಾಗುತ್ತದೆ. ಪ್ರಾಯದ ಗಂಡಸರಲ್ಲಿ ಸುಮಾರು 20 ಗ್ರಾಂ ಇರುವುದು ಸಹಜ, 24ಕ್ಕೆ ಯಾರೂ ಗಾಬರಿ ಆಗುವುದಿಲ್ಲ. ಮೂತ್ರ ಮಾಡಿದ ಮೇಲೆ 40 ಎಂಎಲ್ ಒಳಗೇ ಉಳಿದಿದೆ ಅಂತ ಇರುವುದೂ ಅಷ್ಟೇ. ನಿನಗೆ ಬಾಟಲಿಗಟ್ಟಲೆ ನೀರು ಕುಡಿಸಿ, ತಡೆಯಲಾರದಷ್ಟು ಹೊತ್ತು ಕೂರಿಸಿ, ಆಮೇಲೆ ಹೋಗಿ ಬಾ ಅಂದಿರುತ್ತಾರೆ. ಅಷ್ಟು ತುಂಬಿದ ಮೂತ್ರಕೋಶ ಎಲ್ಲರಿಗೂ ಒಂದೇ ಸಲಕ್ಕೆ ಪೂರ್ತಿ ಖಾಲಿ ಆಗುವುದಿಲ್ಲ.

ಪಿಎಸ್‌ಎ ರಕ್ತ ಪರೀಕ್ಷೆ ಮಾಡಿಸಲಾ ಅಂತಲೂ ಕೇಳಿದ್ದೀಯ. ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ ಅದು. ಡಾಕ್ಟರ್ ಹೇಳದೆ ಮಾಡಿಸಬೇಡ. ಸೋಂಕು ಇದ್ದರೂ ಅದು ಏರುತ್ತದೆ, ಎರಡು ದಿನದ ಒಳಗೆ ವೀರ್ಯ ಹೋಗಿದ್ದರೂ ಏರಬಹುದು, ಜೋರಾಗಿ ಸೈಕಲ್ ಹೊಡೆದಿದ್ದರೂ ಏರಬಹುದು. ಸೋಂಕು ಬಂದವರಿಗೆ ಇಲ್ಲಿ ಆರು ವಾರ ಕಾಯಿಸುತ್ತಾರೆ. ಸುಮ್ನೆ ಒಂದು ಸಂಖ್ಯೆ ಹಿಡಿದುಕೊಂಡು ನೀನು ರಾತ್ರಿಯೆಲ್ಲ ನಿದ್ದೆ ಕೆಡಿಸಿಕೊಳ್ಳುವುದು ನನಗೆ ಬೇಡ.

ಈಗ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಧಾರೆ ಸಣ್ಣಗಾಗಿದೆ, ಕೆಲವು ಸಲ ಎರಡು ಕವಲಾಗಿ ಬರುತ್ತದೆ, ಶುರುವಾಗುವುದಕ್ಕೇ ಹೊತ್ತು ಹಿಡಿಯುತ್ತದೆ, ಮುಗಿಸಿ ಎದ್ದ ಮೇಲೂ ತೊಟ್ಟಿಕ್ಕುತ್ತದೆ ಅಂದೆ. ಇದನ್ನು ಓದಿದ ಕೂಡಲೇ ನನಗೆ ನೆನಪಾದದ್ದು ಪ್ರಾಸ್ಟೇಟ್ ಅಲ್ಲ, ನೀನು ಬೈಕಿನಿಂದ ಬಿದ್ದದ್ದು. ಕ್ಯಾತ್ಸಂದ್ರದ ಹತ್ತಿರ ನಾಯಿ ಅಡ್ಡ ಬಂದು, ಪೆಟ್ರೋಲ್ ಟ್ಯಾಂಕಿಗೆ ತೊಡೆ ಸಂದು ಬಡಿದು ಬಿದ್ದಿದ್ದೆಯಲ್ಲ? ಕೈಗೆ ಪಟ್ಟಿ ಹಾಕಿಸಿಕೊಂಡು ಬಂದೆ, ಕೆಳಗೆ ಊತ ಇದ್ದದ್ದನ್ನು ಯಾರಿಗೂ ಹೇಳಲಿಲ್ಲ ಅಂತ ಆಮೇಲೆ ಅಮ್ಮ ಬೈದಿದ್ದಳು. ಆಗ ಮೂತ್ರದಲ್ಲಿ ರಕ್ತ ಬಂದಿತ್ತಾ? ಒಳಚಡ್ಡಿಯಲ್ಲಿ ಒಂದು ಹನಿ ಕಲೆ ಇದ್ದಿದ್ದರೂ ಹೇಳು.

ಏಕೆ ಕೇಳುತ್ತಿದ್ದೇನೆ ಅಂದರೆ, ಹಾಗೆ ಬಿದ್ದಾಗ ಮೂತ್ರನಾಳ ಕಿಬ್ಬೊಟ್ಟೆಯ ಮೂಳೆಗೆ ಒತ್ತಿಕೊಂಡು ಜಜ್ಜಿ ಹೋಗಬಹುದು. ಊತ ಇಳಿದ ಮೇಲೆ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಗಾಯ ಮಾಯುತ್ತಾ ಗಟ್ಟಿಯಾಗುತ್ತದೆ, ನಾಳ ಕಿರಿದಾಗುತ್ತಾ ಹೋಗುತ್ತದೆ. ತಿಂಗಳುಗಳು ಕಳೆದ ಮೇಲೆ, ಎಷ್ಟೋ ಸಲ ವರ್ಷಗಳೇ ಕಳೆದ ಮೇಲೆ ಧಾರೆ ಸಣ್ಣಗಾಗುತ್ತದೆ. ಸ್ಟ್ರಿಕ್ಚರ್ ಅನ್ನುತ್ತಾರೆ. ಬಿದ್ದದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹುಡುಗರಿಗೆ ಹೊಳೆಯುವುದೇ ಇಲ್ಲ. ಡಾಕ್ಟರ್ ಕೇಳದಿದ್ದರೆ ಅವರೂ ಹೇಳುವುದಿಲ್ಲ.

ನಿನ್ನ ವಯಸ್ಸಿನವನೇ ಒಬ್ಬ ಹುಡುಗ ನಮ್ಮ ಕ್ಲಿನಿಕ್‌ಗೆ ಬಂದಿದ್ದ. ಪ್ರಾಸ್ಟೇಟ್ ಸೋಂಕು ಅಂತ ಕೋರ್ಸ್ ಮೇಲೆ ಕೋರ್ಸ್ ಮಾತ್ರೆ ನುಂಗಿದ್ದ. ನಾನು ಅವನಿಗೆ ಫ್ಲೋ ಟೆಸ್ಟ್ ಮಾಡಿಸಿದೆ. ಅದರಲ್ಲಿ ಸೂಜಿ ಇಲ್ಲ, ನೋವಿಲ್ಲ. ಒಂದು ರೂಮು, ಒಳಗೆ ಸ್ಟ್ಯಾಂಡಿಗೆ ಸಿಕ್ಕಿಸಿದ ದೊಡ್ಡ ಆಲಿಕೆ, ಅದರ ಕೆಳಗೆ ಪಾತ್ರೆ, ಪಾತ್ರೆಯ ಕೆಳಗೆ ತೂಕದ ಯಂತ್ರ. ಬಾಗಿಲು ಹಾಕಿಕೊಂಡು ಯಾವಾಗಲೂ ಮಾಡುವ ಹಾಗೆ ಮಾಡಿ ಬರಬೇಕು, ಅಷ್ಟೇ. ಒಂದೊಂದು ಸೆಕೆಂಡಿಗೆ ಎಷ್ಟು ಎಂಎಲ್ ಬಿತ್ತು ಅಂತ ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಪ್ರಾಯದವರಲ್ಲಿ ಗೆರೆ ಸರ್ರನೆ ಏರಿ ಸೆಕೆಂಡಿಗೆ 15 ಎಂಎಲ್ ದಾಟಿ, ಆಮೇಲೆ ಇಳಿಯುತ್ತದೆ. ಅವನದು ಸ್ವಲ್ಪ ಏರಿ, ಅಲ್ಲಿಂದ ಚಪ್ಪರದ ಹಾಗೆ ಮಟ್ಟಸವಾಗಿ ಕೊನೆಯವರೆಗೂ ಹೋಗಿತ್ತು. ಎಷ್ಟು ತಿಣುಕಿದರೂ ಒಂದೇ ಸಮ. ಡಾಕ್ಟರ್ ಆ ಕಾಗದ ನೋಡಿ, ಯಾವಾಗಲಾದರೂ ಬಿದ್ದಿದ್ದೆಯಾ ಅಂತ ಕೇಳಿದರು. ಸ್ಕೂಲಿನಲ್ಲಿದ್ದಾಗ ಸೈಕಲ್ಲಿನ ಅಡ್ಡ ಕಂಬಿಯ ಮೇಲೆ ಬಿದ್ದಿದ್ದನಂತೆ.

ನಿನಗೂ ಅದೇ ಆಗಿದೆ ಅಂತ ನಾನು ಇಲ್ಲಿಂದ ಹೇಳುವುದಿಲ್ಲ. ನಾನು ಡಾಕ್ಟರ್ ಅಲ್ಲ, ನಿನ್ನನ್ನು ಪರೀಕ್ಷೆ ಮಾಡಿಯೂ ಇಲ್ಲ. ಆದರೆ ಆ ಟೆಸ್ಟ್ ಆಗದೆ ಪ್ರಾಸ್ಟೇಟ್ ಮಾತ್ರೆ ನುಂಗುತ್ತಾ ಕೂರಬೇಡ ಅಂತ ಖಂಡಿತ ಹೇಳುತ್ತೇನೆ. ಗೆರೆ ಹಾಗೇನಾದರೂ ಮಟ್ಟಸವಾಗಿ ಬಂದರೆ ನಾಳದೊಳಗೆ ಔಷಧ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಎಲ್ಲಿ ಕಿರಿದಾಗಿದೆ, ಎಷ್ಟು ಉದ್ದ ಅಂತ ಅದರಲ್ಲಿ ಕಾಣುತ್ತದೆ. ಚಿಕ್ಕದಾಗಿದ್ದರೆ ದುರ್ಬೀನಿನಲ್ಲಿ ನೋಡಿಕೊಂಡು ಬಿಡಿಸುತ್ತಾರೆ, ಆದರೆ ಅದು ಮತ್ತೆ ಮುಚ್ಚಿಕೊಳ್ಳುವುದು ಜಾಸ್ತಿ. ಉದ್ದ ಇದ್ದರೆ ಕೆನ್ನೆಯ ಒಳಗಿನ ಪೊರೆಯನ್ನು ತೆಗೆದು ಅಲ್ಲಿಗೆ ಹೊಲಿಯುವ ಆಪರೇಷನ್ ಇದೆ. ಕೇಳುವುದಕ್ಕೆ ವಿಚಿತ್ರ, ಆದರೆ ಒದ್ದೆಯಲ್ಲೇ ಇರುವ ಪೊರೆ ಆದ್ದರಿಂದ ಅಲ್ಲಿ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ನಮ್ಮ ದೇಶದ ಡಾಕ್ಟರುಗಳಿಗೆ ಇದರಲ್ಲಿ ಒಳ್ಳೆ ಕೈ ಇದೆ.

ಧಾರೆ ಸರಿಯಾಗಿಯೇ ಇದೆ ಅಂತ ಬಂದರೂ ನಿನ್ನ ನೋವು ಸುಳ್ಳಾಗುವುದಿಲ್ಲ. ಕೂರುವ ಜಾಗದಲ್ಲಿ, ಬೀಜದ ಹಿಂದೆ ಒಂದು ಥರ ಒತ್ತಿದ ಹಾಗೆ ನೋವು ಅಂದಿದ್ದೀಯ. 50ರ ಒಳಗಿನ ಗಂಡಸರು ಯೂರಾಲಜಿಗೆ ಬರುವುದಕ್ಕೆ ದೊಡ್ಡ ಕಾರಣವೇ ಪ್ರಾಸ್ಟಟೈಟಿಸ್, ಅಂದರೆ ಪ್ರಾಸ್ಟೇಟಿನ ಉರಿಯೂತ. ಅದರಲ್ಲಿ ನಿಜವಾಗಿ ಬ್ಯಾಕ್ಟೀರಿಯಾ ಸಿಗುವುದು ನೂರಕ್ಕೆ ಹತ್ತು ಜನಕ್ಕೂ ಇಲ್ಲ. ಮಿಕ್ಕವರಲ್ಲಿ ಎಷ್ಟೋ ಜನಕ್ಕೆ ಕೆಳಗಿನ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ನರಗಳು ಕೆರಳಿರುತ್ತವೆ. ಏರ್‌ಪೋರ್ಟ್ ಕ್ಯಾಬ್ ಓಡಿಸುವವನು ನೀನು. ಗಂಟೆಗಟ್ಟಲೆ ಸೀಟಿನ ಮೇಲೆ, ಗಾಡಿ ನಿಲ್ಲಿಸುವುದಕ್ಕೆ ಜಾಗ ಇಲ್ಲ ಅಂತ ತಡೆದುಕೊಳ್ಳುವುದು, ತಡೆಯಬೇಕಲ್ಲ ಅಂತ ನೀರೇ ಕುಡಿಯದಿರುವುದು. ಇದಕ್ಕೆ ಬಿಸಿ ನೀರಿನ ಟಬ್‌ನಲ್ಲಿ ಕೂರುವುದು, ಫಿಸಿಯೋಥೆರಪಿ, ಕೆಲವರಿಗೆ ನಾಳ ಸಡಿಲ ಮಾಡುವ ಮಾತ್ರೆ ಕೆಲಸ ಮಾಡುತ್ತವೆ. ಫೋನಿನಲ್ಲಿ ನೋಡಿ ಬಿಗಿ ಹಿಡಿಯುವ ವ್ಯಾಯಾಮ ಮಾತ್ರ ಶುರು ಮಾಡಬೇಡ. ಮೊದಲೇ ಬಿಗಿದುಕೊಂಡಿದ್ದರೆ ಅದು ನೋವು ಜಾಸ್ತಿ ಮಾಡುತ್ತದೆ.

ಮೆಡಿಕಲ್ ಶಾಪಿನವನು ಕೊಟ್ಟ ಆಂಟಿಬಯಾಟಿಕ್ ಎರಡು ದಿನ ತಗೊಂಡೆ, ಸ್ವಲ್ಪ ಕಡಿಮೆ ಆಯ್ತು ಅಂದೆ. ದಯವಿಟ್ಟು ಇನ್ನು ಹಾಗೆ ಮಾಡಬೇಡ. ಮೂತ್ರದಲ್ಲಿರುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಮುಂಚೆಯೇ ಮಾತ್ರೆ ನುಂಗಿದರೆ ಯಾವ ರೋಗಾಣು ಅಂತ ಗೊತ್ತೇ ಆಗುವುದಿಲ್ಲ. ನೀನು ಕಳಿಸಿದ ಫೋಟೋದಲ್ಲಿದ್ದದ್ದು ಫ್ಲೋರೋಕ್ವಿನೋಲೋನ್ ಅನ್ನುವ ಗುಂಪಿನ ಆಂಟಿಬಯಾಟಿಕ್. ಆ ಗುಂಪಿನ ಮಾತ್ರೆಯನ್ನು ಇಲ್ಲಿ 2024ರ ಜನವರಿಯಿಂದ ಬೇರೆ ಆಂಟಿಬಯಾಟಿಕ್ ಸರಿಹೋಗದಿದ್ದಾಗ ಮಾತ್ರ ಕೊಡುತ್ತಾರೆ, ಸ್ನಾಯುರಜ್ಜು, ನರಗಳಿಗೆ ಪೆಟ್ಟು ಮಾಡುತ್ತದೆ ಅಂತ. ನಮ್ಮಲ್ಲಿ ಇನ್ನೊಂದು ತೊಂದರೆಯೂ ಇದೆ. ಮೂತ್ರದಲ್ಲಿ ಕೀವಿನ ಕಣ ಇದ್ದು ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಟಿಬಿ ಇದೆಯಾ ಅಂತ ನೋಡಬೇಕಾಗುತ್ತದೆ. ಆ ಮಾತ್ರೆ ಟಿಬಿಯನ್ನು ಸ್ವಲ್ಪ ದಿನ ಮರೆಮಾಚಿಬಿಡುತ್ತದೆ.

ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು, ಲಾಡ್ಜ್ ರೂಮಿನಲ್ಲಿ ಕೂತು ನೋಡುವವರು, ಅವರ ಹತ್ತಿರಕ್ಕೂ ಹೋಗಬೇಡ. ಮಧ್ಯಾಹ್ನ ಮೂತ್ರ ಬೆಳ್ಳಗೆ ಹೋಗುತ್ತದೆ, ಧಾತು, ಅಂದರೆ ವೀರ್ಯ, ಹೋಗುತ್ತಿದೆಯಾ ಅಂತ ಕೇಳಿದ್ದೀಯ. ಊಟ ಆದ ಮೇಲೆ ಮೂತ್ರದಲ್ಲಿ ಫಾಸ್ಫೇಟ್ ಲವಣ ಜಾಸ್ತಿಯಾಗಿ ಹಾಗೆ ಕಾಣುವುದು ಸಾಮಾನ್ಯ. ಲ್ಯಾಬ್‌ನಲ್ಲಿ ನಾಲ್ಕು ಹನಿ ಅಸಿಟಿಕ್ ಆಸಿಡ್ ಹಾಕಿದರೆ ಕಣ್ಣ ಮುಂದೆಯೇ ತಿಳಿಯಾಗುತ್ತದೆ. ಈ ಭಯಕ್ಕೆ ನಮ್ಮ ದೇಶದ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲೇ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟಿದ್ದಾರೆ. ಅಷ್ಟು ಜನ ಹುಡುಗರು ಇದನ್ನೇ ಒಳಗೊಳಗೆ ಅನುಭವಿಸುತ್ತಾರೆ. ಅದರ ಮೇಲೆ ದುಡ್ಡು ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಮ್ಮ ಉಷ್ಣ ಅಂತ ಬಾರ್ಲಿ ನೀರು, ಎಳನೀರು ಕೊಡುತ್ತಿದ್ದಾಳಲ್ಲ, ಕುಡಿ. ಹೊಟ್ಟೆಗೆ ನೀರು ಹೋದ ಹಾಗಾಯ್ತು. ಆದರೆ ಅದರಿಂದ ಸೋಂಕೂ ಹೋಗುವುದಿಲ್ಲ, ಕಿರಿದಾದ ನಾಳವೂ ಬಿಚ್ಚಿಕೊಳ್ಳುವುದಿಲ್ಲ. ರಾತ್ರಿ ನಿದ್ದೆ ಬರದಿರಲಿ ಅಂತ ಕುಡಿಯುವ ಕಾಫಿ, ಎನರ್ಜಿ ಡ್ರಿಂಕ್ ಕಡಿಮೆ ಮಾಡು. ಶೀತಕ್ಕೆ ಅಂತ ಸಿಕ್ಕ ಸಿಕ್ಕ ಮಾತ್ರೆ ನುಂಗಬೇಡ, ಕೆಲವಕ್ಕೆ ಮೂತ್ರ ಕಟ್ಟಿಕೊಳ್ಳುತ್ತದೆ.

ಈಗ ನೀನು ಮಾಡಬೇಕಾದದ್ದು. ಅಳತೆ ಗೆರೆ ಇರುವ ಜಗ್ ಒಂದು ತಗೋ. ಮೂರು ದಿನ ಯಾವ ಹೊತ್ತಿಗೆ ಹೋದೆ, ಎಷ್ಟು ಎಂಎಲ್, ಏನು ಕುಡಿದೆ ಅಂತ ಬರೆದಿಡು. ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸು. ಸಕ್ಕರೆ ಪರೀಕ್ಷೆ ಮೊದಲು ಮಾಡಿಸು. ಪದೇ ಪದೇ ಮೂತ್ರ ಹೋಗುವುದಕ್ಕೆ ಅದೂ ಕಾರಣ ಇರಬಹುದು, ಅಜ್ಜಿಗೂ ಅಪ್ಪನಿಗೂ ಸಕ್ಕರೆ ಇದೆಯಲ್ಲ. ಆಮೇಲೆ ಮೂತ್ರದ ಕಲ್ಚರ್, ಫ್ಲೋ ಟೆಸ್ಟ್. ತುಮಕೂರಿನಲ್ಲಿ ಫ್ಲೋ ಟೆಸ್ಟ್ ಸಿಗದಿದ್ದರೆ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಹೇಗೂ ಬೆಂಗಳೂರಿಗೆ ದಿನಾ ಹೋಗುತ್ತೀಯ. ಮೂತ್ರಕೋಶ ತುಂಬಿರುವಾಗ ಟೆಸ್ಟ್‌ಗೆ ಹೋಗು, 150 ಎಂಎಲ್‌ಗಿಂತ ಕಡಿಮೆ ಬಂದರೆ ಆ ಗೆರೆಯನ್ನು ನಂಬುವ ಹಾಗಿಲ್ಲ. ಮತ್ತೆ ಬೈಕಿನಿಂದ ಬಿದ್ದದ್ದನ್ನು ಅವರು ಕೇಳದಿದ್ದರೂ ನೀನೇ ಹೇಳು.

ಚಳಿ ಜ್ವರ ಬಂದರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ, ರಕ್ತ ಕಂಡರೆ, ಬೀಜದಲ್ಲಿ ಇದ್ದಕ್ಕಿದ್ದ ಹಾಗೆ ಜೋರು ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡ. ಗಾಡಿ ಎಲ್ಲಿದೆಯೋ ಅಲ್ಲಿಂದಲೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು.

ಹೆಣ್ಣು ನೋಡುವುದನ್ನು ಮುಂದಕ್ಕೆ ಹಾಕುತ್ತಿದ್ದಾನೆ, ಏನಂತ ಬಾಯಿ ಬಿಡುವುದಿಲ್ಲ ಅಂತ ಅಪ್ಪ ಹೋದ ವಾರ ನನ್ನ ಹತ್ತಿರ ಬೇಜಾರು ಮಾಡಿಕೊಂಡರು. ಕಾರಣ ಈಗ ನನಗೆ ಅರ್ಥವಾಯ್ತು. ಈ ತೊಂದರೆ ಇದ್ದವರು ಮದುವೆ ಆಗಿದ್ದಾರೆ, ಮಕ್ಕಳೂ ಆಗಿವೆ. ನಿನ್ನ ಜೀವನ ಇಲ್ಲಿಗೆ ನಿಂತಿಲ್ಲ ಕಣೋ. ಅಪ್ಪನಿಗೆ ನೀನೇ ಹೇಳಿ ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಹೋಗು. ಹೇಳುವುದಕ್ಕೆ ಆಗದಿದ್ದರೆ ಹೇಳು, ನಾನೇ ಫೋನ್ ಮಾಡಿ ಮಾತಾಡುತ್ತೇನೆ.

ಬುಧವಾರ ನನಗೆ ರಜೆ. ಇಲ್ಲಿ ಮಧ್ಯಾಹ್ನ ಒಂದು ಗಂಟೆ ಅಂದರೆ ಅಲ್ಲಿ ಸಂಜೆ ಐದೂವರೆ, ಆಗ ಫೋನ್ ಮಾಡು. ಖರ್ಚಿನ ಯೋಚನೆ ಬೇಡ, ನಾನು ನಿಮ್ಮ ಭಾವನ ಹತ್ತಿರ ಮಾತಾಡಿದ್ದೇನೆ, ನಾಳೆ ದುಡ್ಡು ಕಳಿಸುತ್ತೇವೆ. ಅಜ್ಜಿಗೆ, ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ
ಅಕ್ಕ