ಕಡಲೆಯ ಜೊತೆ 17 ಕಿಲೋಮೀಟರ್

ರಾಕ್ ಸ್ಪ್ರಿಂಗ್ ತಂಗುದಾಣ, ವರ್ಜೀನಿಯ
ಜೂನ್ 14, ರಾತ್ರಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಕಳೆದ ವಾರ ಫೋನಿನಲ್ಲಿ ಅಮ್ಮ ನನ್ನ ಪುಟ್ಟ ನಾಯಿ ಕಡಲೆಯ ಬಗ್ಗೆ, "ಗೇಣುದ್ದದ ಆ ಕುನ್ನಿಯನ್ನು ಕಾಡಿನಲ್ಲಿ ಯಾಕೆ ನಡೆಸಿ ಸಾಯಿಸುತ್ತೀಯ" ಎಂದು ಕೇಳಿದಳು. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಇಂದು ನಡೆದದ್ದನ್ನು ನಡೆದ ಹಾಗೆ ಬರೆದರೆ ಅದೇ ಉತ್ತರವಾದೀತು ಎಂದುಕೊಂಡು ಡೇರೆಯೊಳಗೆ ತಲೆದೀಪ ಹಚ್ಚಿಕೊಂಡು ಕುಳಿತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ಜಾರ್ಜಿಯದಿಂದ ಮೇನ್‌ವರೆಗೆ 14 ರಾಜ್ಯಗಳನ್ನು ಹಾದು ಸುಮಾರು 3,500 ಕಿಲೋಮೀಟರ್ ಸಾಗುವ ಅಪಲಾಚಿಯನ್ ಕಾಲುದಾರಿಯನ್ನು ಪೂರ್ತಿ ನಡೆಯಲು ತಿಂಗಳುಗಟ್ಟಲೆ ಬೇಕು. ನನಗಿರುವುದು ಹನ್ನೆರಡು ದಿನಗಳ ರಜೆ. ಆದ್ದರಿಂದ ಶೆನಂಡೋವಾ ರಾಷ್ಟ್ರೀಯ ಉದ್ಯಾನದೊಳಗೆ ಹಾಯುವ 160 ಕಿಲೋಮೀಟರಿನಷ್ಟು ದಾರಿಯನ್ನು ಮಾತ್ರ, ಮರಗಳ ಮೇಲೆ ಬಳಿದ ಆರಿಂಚು ಉದ್ದದ ಬಿಳಿ ಪಟ್ಟಿಗಳನ್ನು ನೋಡಿಕೊಂಡು, ಉತ್ತರದಿಂದ ದಕ್ಷಿಣಕ್ಕೆ ನಡೆಯುತ್ತಿದ್ದೇವೆ. ಇಲ್ಲಿ ನಾಯಿಗೆ ಪ್ರವೇಶವಿದೆ, ಆದರೆ ಕೊರಳ ಹಗ್ಗ ಆರು ಅಡಿಗಿಂತ ಉದ್ದವಿರಬಾರದು. ನಮ್ಮ ಮನೆಯ ನಾಯಿ ಹಗ್ಗವೆಂಬುದನ್ನೇ ಕಾಣದೆ ನಿಮ್ಮ ಹಿಂದೆ ತೋಟಕ್ಕೆ ಬರುವುದನ್ನು ನೋಡಿ ಬೆಳೆದ ನನಗೆ ಈ ನಿಯಮ ಮೊದಲು ಅತಿಯೆನಿಸಿತ್ತು.

ಇಂದು ಬೆಳಿಗ್ಗೆ ಅದರ ಅರ್ಥ ತಿಳಿಯಿತು. ಬರ್ಡ್ಸ್ ನೆಸ್ಟ್ ತಂಗುದಾಣದಿಂದ ಹೊರಟು ಪಿನಾಕಲ್ ಗುಡ್ಡ ಏರುವಾಗ ಕಡಲೆ ಬಂಡೆಗಳ ಸಂದಿನ ತರಗೆಲೆಗೆ ಮೂತಿ ತೂರಿಸಿ, ಮುಂಗಾಲಿನಿಂದ ಕೆರೆಯತೊಡಗಿತು. ನಾನು ಹಗ್ಗ ಎಳೆದುಕೊಂಡೆ. ಏಕೆಂದರೆ ಶೆನಂಡೋವಾ ಸಲಮಾಂಡರ್ ಎಂಬ, ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಳಗಕ್ಕೆ ಸೇರಿದ, ಶ್ವಾಸಕೋಶವೇ ಇಲ್ಲದೆ ಒದ್ದೆ ಚರ್ಮದಿಂದ ಉಸಿರಾಡುವ ಒಂದು ಪುಟ್ಟ ಪ್ರಾಣಿ ಇಡೀ ಪ್ರಪಂಚದಲ್ಲಿ ಬದುಕಿರುವುದು ಪಿನಾಕಲ್, ಸ್ಟೋನಿ ಮ್ಯಾನ್ ಮತ್ತು ಹಾಕ್ಸ್‌ಬಿಲ್ ಎಂಬ ಮೂರೇ ಬೆಟ್ಟಗಳ ಕಲ್ಲುರಾಶಿಗಳ ನಡುವೆ. ಮೂರೂ ಇಂದಿನ ನಮ್ಮ ದಾರಿಯಲ್ಲೇ ಇದ್ದವು. ನನಗೆ ಅದು ಕಾಣಿಸಲಿಲ್ಲ, ಕಡಲೆಯ ಮೂಗಿಗೆ ಏನು ಸಿಕ್ಕಿತೋ ಅದಕ್ಕೇ ಗೊತ್ತು.

ನಡಿಗೆಯ ವೇಗ ನನ್ನದಲ್ಲ, ಕಡಲೆಯದು. ಆರು ಕಿಲೋ ತೂಕದ ಪ್ರಾಣಿ ನನ್ನ ಒಂದು ಹೆಜ್ಜೆಗೆ ನಾಲ್ಕೈದು ಹೆಜ್ಜೆ ಹಾಕಬೇಕು. ನಾನು ದಾಟಿಬಿಡುವ ಮರದ ಬೇರು ಅದಕ್ಕೆ ಹಾರಬೇಕಾದ ಗೋಡೆ. ದೊಡ್ಡ ನಾಯಿಗಳು ತಮ್ಮ ಆಹಾರವನ್ನು ತಾವೇ ಬೆನ್ನ ಮೇಲೆ ಹೊರುತ್ತವೆ. ಕಡಲೆಯ ಊಟ, ನೀರಿನ ಬಟ್ಟಲು, ಹೊದಿಕೆ ಎಲ್ಲವೂ ನನ್ನ ಬೆನ್ನುಚೀಲದಲ್ಲಿವೆ. ಎದುರಿನಿಂದ ಬರುವ ಚಾರಣಿಗರು, ಮಾರ್ಚಿನಲ್ಲಿ ಜಾರ್ಜಿಯದಿಂದ ಹೊರಟು ಗಡ್ಡ ಬಿಟ್ಟವರು, ನನ್ನ ಕಡೆ ತಲೆಯಾಡಿಸಿ ಕಡಲೆಯನ್ನು ಮಾತ್ರ ಮಾತನಾಡಿಸಿ ಹೋಗುತ್ತಾರೆ.

ಮಧ್ಯಾಹ್ನ ನನ್ನಿಂದ ತಪ್ಪಾಯಿತು. ಅಮ್ಮನಿಂದ ಅದನ್ನು ಮುಚ್ಚಿಡುವುದಿಲ್ಲ. ಲಿಟಲ್ ಸ್ಟೋನಿ ಮ್ಯಾನ್ ಎಂಬಲ್ಲಿ ದಾರಿ ಬಂಡೆಯ ಅಂಚಿಗೆ ಬರುತ್ತದೆ. ಕೆಳಗೆ ಇಡೀ ಕಣಿವೆ ಬಿಚ್ಚಿಕೊಂಡಿತ್ತು. ನೋಟಕ್ಕೆ ಮರುಳಾಗಿ ಅಲ್ಲಿಯೇ ಕುಳಿತು ಊಟ ಮಾಡಿ, ಬೂಟು ಹಾಕಿದ ಕಾಲಿಗೆ ಕಲ್ಲಿನ ಕಾವು ತಿಳಿಯದೆ, ಬರಿಗಾಲಿನ ಜೀವವನ್ನು ಅರ್ಧ ಗಂಟೆ ಆ ಬಿಸಿಲಿನಲ್ಲಿ ನಿಲ್ಲಿಸಿಕೊಂಡಿದ್ದೆ. ಸ್ಟೋನಿ ಮ್ಯಾನ್ ತುದಿಗೆ ಹೋಗುವ ಕವಲುದಾರಿಯಲ್ಲಿ ನಾಯಿಗೆ ಪ್ರವೇಶವಿಲ್ಲದ ಕಾರಣ ಆ ಕವಲನ್ನು ಬಿಟ್ಟು ನೇರವಾಗಿ ಸ್ಕೈಲ್ಯಾಂಡಿಗೆ ಇಳಿದೆವು. ಅಲ್ಲಿನ ಕುದುರೆ ಲಾಯದ ಬಳಿಯೂ ಕಡಲೆ ಬೊಗಳದೆ ಹೋದಾಗಲೇ ನಾನು ಅನುಮಾನಿಸಬೇಕಿತ್ತು. ಮುಂದೆ ಒಂದು ಕಿಲೋಮೀಟರ್ ಕಳೆಯುವಷ್ಟರಲ್ಲಿ ಅದು ದಾರಿಯ ಮಧ್ಯದಲ್ಲಿ ಕುಳಿತು, ನಾಲಿಗೆ ಚಾಚಿ ತೇಕುತ್ತ, ಮುಂಗಾಲು ನೆಕ್ಕಿಕೊಳ್ಳತೊಡಗಿತು. ಅಂಗಾಲು ಕೆಂಪಾಗಿತ್ತು, ಪುಣ್ಯಕ್ಕೆ ಬಿರಿದಿರಲಿಲ್ಲ. ನೆರಳಿನಲ್ಲಿ ಹೊಟ್ಟೆಗೂ ಕಾಲಿಗೂ ನೀರು ಹಾಕಿ, ಮುಕ್ಕಾಲು ಗಂಟೆ ಸುಮ್ಮನೆ ಕುಳಿತೆ. ಉಳಿದ ದಾರಿಯನ್ನು, ಹಾಕ್ಸ್‌ಬಿಲ್ಲಿನ ಉತ್ತರ ಇಳಿಜಾರಿನ ಕಲ್ಲುರಾಶಿಗಳನ್ನೂ ಸೇರಿಸಿ, ಕಡಲೆಯನ್ನು ಎದೆಗೆ ಶಾಲಿನಲ್ಲಿ ಕಟ್ಟಿಕೊಂಡು ನಡೆದೆ. ಗದ್ದೆಯಿಂದ ಬರುವಾಗ ನೀವು ಕರುವನ್ನು ಹೆಗಲಿಗೇರಿಸಿಕೊಂಡು ಬಂದದ್ದು ನೆನಪಾಯಿತು. ಇದು ಅದರ ಕಾಲು ಭಾಗವೂ ಇಲ್ಲ, ಆದರೂ ನನ್ನ ಸೊಂಟ ಹಿಡಿದುಕೊಂಡಿದೆ.

ಸಂಜೆಯ ಮುಖ್ಯ ಕೆಲಸ ಉಣುಗು ಹುಡುಕುವುದು. ಸಾಗರದ ಕಡೆಯವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯದಲ್ಲಿ ಅಮ್ಮ, ಅದು ಕಚ್ಚದಂತೆ ತಡೆಯುವ ಡಿಎಂಪಿ ಎಣ್ಣೆ ಹಚ್ಚದೆ ಯಾರನ್ನೂ ಸೊಪ್ಪಿಗೆ ಕಳಿಸುತ್ತಿರಲಿಲ್ಲವಲ್ಲ! ಇಲ್ಲಿನ ಉಣುಗು ತರುವುದು ಲೈಮ್ ಎಂಬ ಬೇರೆಯೇ ರೋಗವನ್ನು. ಸಾಮಾನ್ಯವಾಗಿ ಉಣುಗು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಅದು ಹರಡುವುದರಿಂದ, ದಿನಾ ಸಂಜೆ ತಪ್ಪದೆ ಹುಡುಕಿದರೆ ಬಹುಪಾಲು ಅಪಾಯ ಕಳೆಯುತ್ತದೆ. ಕಡಲೆಯ ಕಿವಿಯ ಹಿಂದೆ ಒಂದು, ಬಾಲದ ಬುಡದಲ್ಲಿ ಒಂದು ಸಿಕ್ಕಿದವು. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ತೆಗೆದೆ. ನನ್ನ ಮೊಣಕಾಲಿನ ಹಿಂದೆಯೂ ಒಂದಿತ್ತು. ಇದನ್ನು ಮಾತ್ರ ಅಮ್ಮನಿಗೆ ಓದುವುದು ಬೇಡ.

ಇಲ್ಲಿ ಕರಡಿಗಳಿರುವುದರಿಂದ ಆಹಾರವನ್ನು ಡೇರೆಯಲ್ಲಿ ಇಡುವಂತಿಲ್ಲ. ತಂಗುದಾಣದ ಬಳಿ ತುದಿಯಲ್ಲಿ ಕೊಕ್ಕೆಗಳಿರುವ ಎತ್ತರದ ಕಬ್ಬಿಣದ ಕಂಬವೊಂದಿದೆ. ನಮ್ಮ ದೋಟಿಯಂಥ ಉದ್ದನೆಯ ಕೋಲಿನಿಂದ ಚೀಲವನ್ನು ಮೇಲೇರಿಸಿ ಅದಕ್ಕೆ ಸಿಕ್ಕಿಸಬೇಕು. ನಾಯಿಯ ತಿಂಡಿಯೂ ಅಲ್ಲಿಗೇ ಹೋಗಬೇಕೆಂಬುದು ಕಡಲೆಗೆ ಇನ್ನೂ ಒಪ್ಪಿಗೆಯಾಗಿಲ್ಲ. ಈಗಲೂ ಕಂಬದ ದಿಕ್ಕಿಗೇ ಮುಖ ಮಾಡಿ ಮಲಗಿದೆ. ನಾಳೆ ಬಿಗ್ ಮೆಡೋಸ್‌ವರೆಗೆ, ಸುಮಾರು ಆರು ಕಿಲೋಮೀಟರ್ ಮಾತ್ರ, ಬಿಸಿಲೇರುವ ಮೊದಲು ನಡೆದು ಅಲ್ಲಿಯೇ ಒಂದು ದಿನ ನಿಲ್ಲುತ್ತೇವೆ. ಅಂಗಾಲು ವಾಸಿಯಾಗದಿದ್ದರೆ ಉಳಿದ ದಾರಿಯನ್ನು ಕೈಬಿಟ್ಟು ಮನೆಗೆ ಮರಳುತ್ತೇನೆ.

ಅಲ್ಲಿ ಮಳೆ ಹಿಡಿಯಿತೇ? ತೋಟಕ್ಕೆ ಮೊದಲನೆಯ ಔಷಧಿ ಹೊಡೆಸಿದಿರಾ? ತಿಳಿಸಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಮಗ