ಆಪರೇಷನ್‌ಗೆ ಎರಡು ತಾಸು ಮೊದಲಿನವರೆಗೂ ನೀರು ಕೊಡಿ

ಮಾನ್ಯ ಸಂಪಾದಕರೇ,

‘ರಾತ್ರಿ ಹನ್ನೆರಡರ ನಂತರ ಹನಿ ನೀರೂ ಮುಟ್ಟಬೇಡಿ’ ಎಂದು ಆಪರೇಷನ್ ಗೊತ್ತಾದ ಎಲ್ಲರಿಗೂ ಹೇಳುವ ರೂಢಿ ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಇನ್ನೂ ಹೋಗಿಲ್ಲ. ಬೆಳಿಗ್ಗೆ ಎಂಟಕ್ಕೆ ಸರದಿ ಇದ್ದವರಿಗೂ ಅದೇ ಮಾತು, ಮಧ್ಯಾಹ್ನ ಎರಡಕ್ಕೆ ಇದ್ದವರಿಗೂ ಅದೇ. 40 ಡಿಗ್ರಿ ಬಿಸಿಲಲ್ಲಿ 14 ತಾಸು ಒಣಗಿದ ಹರ್ನಿಯಾ ರೋಗಿಗೆ ಸಲೈನ್ ಹಚ್ಚಲು ನರವೇ ಸಿಗುವುದಿಲ್ಲ. ಬೆನ್ನಿಗೆ ಅರಿವಳಿಕೆ ಚುಚ್ಚಿದಾಗ ಸೊಂಟದ ಕೆಳಗಿನ ರಕ್ತನಾಳ ಹಿಗ್ಗಿ ಬಿಪಿ ಹೇಗೂ ಇಳಿಯುತ್ತದೆ. ಮೈಯಲ್ಲಿ ನೀರು ಕಡಿಮೆಯಿದ್ದರೆ ಪೂರ್ತಿ ಕುಸಿಯುತ್ತದೆ.

ಉಪವಾಸದ ಹಿಂದಿನ ಭಯ ಸುಳ್ಳಲ್ಲ. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. 1946ರಲ್ಲಿ ಹೆರಿಗೆ ತಜ್ಞ ಕರ್ಟಿಸ್ ಮೆಂಡೆಲ್ಸನ್ ನ್ಯೂಯಾರ್ಕಿನ 44,016 ಹೆರಿಗೆಗಳಲ್ಲಿ ಇಂಥ 66 ಪ್ರಕರಣ ಕಂಡರು. ಅದರಲ್ಲಿ ಸತ್ತ ಇಬ್ಬರೂ ಗಟ್ಟಿ ಆಹಾರ ಸಿಕ್ಕಿಕೊಂಡು ಉಸಿರುಗಟ್ಟಿದವರು ಎಂಬುದನ್ನು ಮಾತ್ರ ಎಲ್ಲರೂ ಮರೆತರು. ನೀರು ಹೊಟ್ಟೆಯಲ್ಲಿ ಅಷ್ಟು ಹೊತ್ತು ನಿಲ್ಲುವುದೇ ಇಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಎರಡು ತಾಸು ಮೊದಲಿನವರೆಗೂ ತಿಳಿ ದ್ರವ ಕುಡಿಯಬಹುದೆಂದಿತು, 2023ರ ಪರಿಷ್ಕರಣೆಯಲ್ಲೂ ಅದನ್ನೇ ಉಳಿಸಿಕೊಂಡಿತು. ಯುರೋಪಿನವರು 2022ರಲ್ಲಿ ಮಕ್ಕಳಿಗೆ ಒಂದೇ ತಾಸು ಸಾಕೆಂದರು.

ತೊಡಕಿರುವುದು ‘ತಿಳಿ’ ಅನ್ನುವ ಮಾತಿನಲ್ಲಿ. ಗಾಜಿನ ಲೋಟದ ಹಿಂದೆ ಈ ಪತ್ರಿಕೆ ಹಿಡಿದರೆ ಅಕ್ಷರ ಓದಲು ಬರಬೇಕು: ನೀರು, ಸಕ್ಕರೆ ನೀರು, ಹಾಲಿಲ್ಲದ ಚಹಾ, ಸೋಸಿದ ಎಳನೀರು. ಮಜ್ಜಿಗೆ ತೆಳ್ಳಗಿದ್ದರೂ ತಿಳಿಯಲ್ಲ, ಅಂಬಲಿಯಂತೂ ಊಟವೇ. ಹಾಲು ಹಾಕಿದ ಅರ್ಧ ಕಪ್ ಚಹಾಕ್ಕೂ 6 ತಾಸು ಬೇಕು, ಏಕೆಂದರೆ ಹಾಲು ಹೊಟ್ಟೆಯ ಆಮ್ಲಕ್ಕೆ ಒಡೆದು ಗಡ್ಡೆಯಾಗುತ್ತದೆ. ಎದೆಹಾಲಿಗೆ 4 ತಾಸು. ಎಣ್ಣೆಗಾಯಿ, ಮಟನ್ ಸಾರಿನ ಊಟವಾದರೆ 8.

ಕರುಳು ಕಟ್ಟಿದವರಿಗೆ, ತುರ್ತು ಆಪರೇಷನ್‌ನವರಿಗೆ, ಹಳೆಯ ಸಕ್ಕರೆ ಕಾಯಿಲೆಯಿಂದ ಜಠರ ಮಂದವಾದವರಿಗೆ, ತೂಕ ಇಳಿಸಲು ವಾರಕ್ಕೊಮ್ಮೆ ಸೆಮಾಗ್ಲುಟೈಡ್ (ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುವ ಔಷಧ) ಚುಚ್ಚಿಸಿಕೊಳ್ಳುವವರಿಗೆ ಈ ಲೆಕ್ಕ ನಡೆಯದು. ಅನುಮಾನವಿದ್ದರೆ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ನೋಡಬಹುದು. ಒಳಗಿರುವುದು ಬರೀ ತಿಳಿ ದ್ರವ, ಅದೂ ತೂಕದ ಕೆಜಿಗೆ 1.5 ಎಂಎಲ್ ಮೀರಿಲ್ಲವೆಂದರೆ ಮುಂದುವರಿಯಬಹುದು.

ಕದ್ದು ಚಹಾ ಕುಡಿದ ರೋಗಿಗಳು ಎಲ್ಲ ವಾರ್ಡುಗಳಲ್ಲೂ ಇರುತ್ತಾರೆ. ಬಾಯಾರಿ ಬಳಲಿದವರು ಮತ್ತೇನು ಮಾಡಿಯಾರು? ಬೈದರೆ ಅವರು ನಿಜ ಹೇಳುವುದಿಲ್ಲ, ಅಪಾಯ ಇರುವುದು ಅಲ್ಲೇ. ಕೇಸ್‌ಶೀಟಿನಲ್ಲಿ ಬರೀ ‘ಎನ್‌ಬಿಎಂ’ (ನಿಲ್ ಬೈ ಮೌತ್, ಬಾಯಿಗೆ ಏನೂ ಬೇಡ) ಎಂದು ಗೀಚುವ ಬದಲು ‘ಊಟ ಇಷ್ಟು ಗಂಟೆವರೆಗೆ, ನೀರು ಇಷ್ಟು ಗಂಟೆವರೆಗೆ’ ಎಂದು ಎರಡು ಸಾಲು ಬರೆಯಲಿ. ಮುಂದಿನ ಕೇಸ್ ಎರಡು ತಾಸಿಗಿಂತ ಹೆಚ್ಚು ತಡವಾಗುವುದಾದರೆ, ಇನ್ನೊಂದು ಲೋಟ ನೀರು ಕೊಡಿ ಎಂದು ಆಪರೇಷನ್ ಥಿಯೇಟರ್‌ನಿಂದ ವಾರ್ಡಿನ ಸಿಸ್ಟರ್‌ಗೆ ಒಂದು ಫೋನ್ ಹೋಗಲಿ.

— ಇಬ್ಬರು ಅರಿವಳಿಕೆ ವೈದ್ಯರು, ವಿಜಯಪುರ